ಬಾರದ ಬಸ್ಸಿನ ಹಾಜರಿ

ಮೂಡಲ ಬಡಾವಣೆ, ಮೈಸೂರು
9 ಜೂನ್ 2025

ಕಂಡಕ್ಟರ್ ಮಾಮನಿಗೆ ಗೌತಮಿಯ ನಮಸ್ಕಾರ.

ನಾನು ಯಾರೆಂದು ಹೊಳೆಯದಿದ್ದರೆ ಹೇಳುತ್ತೇನೆ: ಬೆಳಗಿನ ಐದು ಹತ್ತರ ಬಸ್ಸಿನಲ್ಲಿ ಎಡಗಡೆ ಮೂರನೇ ಸೀಟಿನಲ್ಲಿ ಕೂರುತ್ತಿದ್ದ ಸಿದ್ದಲಿಂಗಮ್ಮನ ಮಗಳು. ಶಾಲೆಗೆ ರಜೆ ಬಂದಾಗ ಅವ್ವನ ಜೊತೆ ಬರುತ್ತಿದ್ದೆ. ಒಮ್ಮೆ ನೀವು ನಿಮ್ಮ ಸೀಟಿಯನ್ನು ನನ್ನ ಕೈಗೆ ಕೊಟ್ಟು ಊದು ಎಂದಿದ್ದಿರಿ. ನಾಚಿಕೊಂಡು ಊದಲಿಲ್ಲ. ಈಗ ಕನ್ನಡ ಎಂ.ಎ. ಮುಗಿದಿದೆ, ನಾಚಿಕೆ ಮುಗಿದಿಲ್ಲ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಈ ಕಾಗದ. ನಿಮ್ಮ ವಿಳಾಸವನ್ನು ಸ್ಟಾಪಿನ ಟೀ ಅಂಗಡಿಯ ರಾಜೇಶ್ ಕೊಟ್ಟರು.

ನೀವು ಮೇ ಕೊನೆಯಲ್ಲಿ ಊರ ಕಡೆಯ ಡಿಪೋಗೆ ವರ್ಗ ಮಾಡಿಸಿಕೊಂಡು ಹೋದಿರಿ. ಜೂನ್ ಒಂದರಿಂದ ಐದು ಹತ್ತರ ಬಸ್ಸು ಬರುತ್ತಿಲ್ಲ. ಎಲ್ಲೋ ಕೆಟ್ಟು ನಿಂತಿರಬೇಕೆಂದು ಎಲ್ಲರೂ ಮೂರು ದಿನ ಕಾದರು. ನಾಲ್ಕನೇ ದಿನ, ಆ ಟ್ರಿಪ್ಪನ್ನೇ ತೆಗೆದಿದ್ದಾರೆ ಎಂದು ಗೊತ್ತಾಯಿತು. ಈಗ ಮೊದಲ ಬಸ್ಸು ಆರು ಐವತ್ತಕ್ಕೆ. ಅವ್ವ ಲಕ್ಷ್ಮೀಪುರಂನ ಹಾಸ್ಟೆಲ್ ಅಡುಗೆಮನೆಯಲ್ಲಿ ಆರಕ್ಕೆ ಒಲೆ ಹಚ್ಚಬೇಕು. ಪುಟ್ಟಮಾದಮ್ಮಜ್ಜಿ ಒಳ್ಳೆಯ ಹೂವು ಖಾಲಿಯಾಗುವ ಮೊದಲು ದೇವರಾಜ ಮಾರ್ಕೆಟ್ ಮುಟ್ಟಬೇಕು. ಉಳಿದವರು ಆಸ್ಪತ್ರೆ, ಛತ್ರ, ಅಂಗಡಿ ಗುಡಿಸುವವರು. ನಿಮಗೆ ಗೊತ್ತಿರುವ ಹನ್ನೊಂದು ಜನವೂ ಈಗ ರಿಂಗ್ ರಸ್ತೆಯವರೆಗೆ ಮೂರು ಕಿಲೋಮೀಟರ್ ನಡೆದು ಅಲ್ಲಿ ಬಸ್ಸು ಹಿಡಿಯುತ್ತಾರೆ. ಅವ್ವನ ಮಂಡಿ ನಿಮಗೆ ಗೊತ್ತು.

ನಿನ್ನೆ ಭಾನುವಾರ ನಮ್ಮ ಜಗಲಿಯಲ್ಲಿ ಸೇರಿ ನನ್ನಿಂದ ಅರ್ಜಿ ಬರೆಸಿದರು. ನಾನು ಎರಡು ಪುಟ ತುಂಬಿಸಿದ್ದು ನೋಡಿ ಪುಟ್ಟಮಾದಮ್ಮಜ್ಜಿ, “ಬಸ್ ಬುಡ್ರಪ್ಪಾ ಅನ್ನಕೆ ಇಷ್ಟುದ್ದ ಯಾಕವ್ವ? ಏನ್ ಅರಿಕತೆ ಮಾಡ್ತಿದ್ದೀಯಾ?” ಎಂದರು. ಇವತ್ತು ಸಾರಿಗೆ ಕಚೇರಿಯಲ್ಲಿ ಕೊಟ್ಟೆ. ಅಲ್ಲಿಯ ಗುಮಾಸ್ತರು ಪೂರ್ತಿ ಓದಿದರು. “ತುಂಬಾ ಚೆನ್ನಾಗಿ ಬರ್ದಿದೀಯಮ್ಮ. ಏನ್ ಬೇಕು ಅಂತ ಎಲ್ಲಿ ಬರ್ದಿದೀಯಾ?” ಎಂದು ಕೇಳಿದರು. ಹುಡುಕಿದೆ, ಎಲ್ಲೂ ಇರಲಿಲ್ಲ. ನಸುಕು, ನಡಿಗೆ, ಮಂಡಿನೋವು ಎಲ್ಲ ಬರೆದು, ಬಸ್ಸು ಬೇಕೆಂದು ಕೇಳುವುದನ್ನೇ ಮರೆತಿದ್ದೆ. ಅವರ ಪೆನ್ನಿನಲ್ಲೇ ಕೊನೆಗೆ ಒಂದು ಸಾಲು ಸೇರಿಸಿ ಓಡಿಬಂದೆ.

ಆ ಟ್ರಿಪ್ಪು ಯಾವ ವರ್ಷದಿಂದ ಇತ್ತೆಂದು ತಿಳಿಸಿದರೆ ಮುಂದಿನ ಅರ್ಜಿಗೆ ಬೇಕಾಗುತ್ತದೆ.

ಅವ್ವ ಕೇಳಿದೆನೆಂದು ಹೇಳಲು ಹೇಳಿದಳು,
ಗೌತಮಿ

ಕೊಳ್ಳೇಗಾಲ
21 ಜೂನ್ 2025

ಮಗಳು ಗೌತಮಿಗೆ,

ಕಾಗದ ತಲುಪಿತು. ನಮ್ಮ ಮನೆಗೆ ಕೈಯಲ್ಲಿ ಬರೆದ ಕಾಗದ ಬಂದು ಎಷ್ಟು ಕಾಲವಾಯಿತೋ! ನೋಟಿಸು ಇರಬೇಕೆಂದು ನಮ್ಮ ಮನೆಯವಳು ಹೆದರಿ ಅದನ್ನು ದೇವರ ಮುಂದೆ ಇಟ್ಟುಬಿಟ್ಟಿದ್ದಳು.

ಆ ಟ್ರಿಪ್ಪು ಶುರುವಾದದ್ದು 2011ರ ಆಗಸ್ಟಿನಲ್ಲಿ. ಮೊದಲ ದಿನದಿಂದ ನಾನೇ ಇದ್ದೆ. ಅರ್ಜಿ ಕೊಟ್ಟಾಗ ಒಂದು ನಕಲಿನ ಮೇಲೆ ಮುದ್ರೆ ಒತ್ತಿಸಿಕೊ. ಮುದ್ರೆ ಇಲ್ಲದ ಅರ್ಜಿ ಆ ಕಚೇರಿಗೆ ಬಂದೇ ಇಲ್ಲವೆಂದು ಲೆಕ್ಕ. ಮತ್ತೆ, ಬೇಕಾದ್ದನ್ನು ಮೊದಲ ಸಾಲಿನಲ್ಲೇ ಕೇಳಿಬಿಡು. ಅಧಿಕಾರಿಗಳು ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವರಿಗೆ ಫೋನ್ ಬರುತ್ತದೆ.

ಹದಿನಾಲ್ಕು ವರ್ಷದಲ್ಲಿ ಆ ಹೆಂಗಸರು ಒಂದು ದಿನವೂ ಚಿಲ್ಲರೆಗೆ ನನ್ನ ಹತ್ತಿರ ಜಗಳವಾಡಿದವರಲ್ಲ. ನನ್ನ ಕಣ್ಣಿನ ಆಪರೇಷನ್ ಆದ ಮೇಲೆ ಮೆಟ್ಟಿಲ ಹತ್ತಿರ ಕೈ ಹಿಡಿದು ಇಳಿಸಿದವರೂ ಅವರೇ. ಆ ಬಸ್ಸನ್ನು ಯಾಕೆ ತೆಗೆದರೋ ಗೊತ್ತಿಲ್ಲ. ಕಾರಣ ಏನು ಕೊಟ್ಟರೆಂದು ಬರೆ.

ಡಿಸೆಂಬರ್ ಮೂವತ್ತೊಂದಕ್ಕೆ ನನಗೆ ನಿವೃತ್ತಿ. ಇಲ್ಲಿ ಹಳ್ಳಿ ರೂಟು, ಆರಾಮಾಗಿದೆ.

ಸಿದ್ದಲಿಂಗಮ್ಮನವರು ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲಿ,
ಸಿದ್ದಪ್ಪಾಜಿ

ಮೂಡಲ ಬಡಾವಣೆ, ಮೈಸೂರು
19 ಜುಲೈ 2025

ಮಾಮ,

ನಮ್ಮ ಅರ್ಜಿಗೆ ಹಿಂಬರಹ ಬಂದಿದೆ. ಅದನ್ನು ಹಾಗೇ ಇಳಿಸುತ್ತೇನೆ:

“ಸದರಿ ಟ್ರಿಪ್‌ನಲ್ಲಿ ಕಳೆದ ಎರಡು ವರ್ಷಗಳಲ್ಲಿ ಸರಾಸರಿ ಇಬ್ಬರು ಪ್ರಯಾಣಿಕರು ಮಾತ್ರ ಸಂಚರಿಸಿರುವುದು ಟಿಕೆಟ್ ದಾಖಲೆಗಳಿಂದ ಕಂಡುಬಂದಿರುತ್ತದೆ. ಆದ್ದರಿಂದ ತಮ್ಮ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.”

ಜಗಲಿಯಲ್ಲಿ ಓದಿ ಹೇಳಿದೆ. ಪುಟ್ಟಮಾದಮ್ಮಜ್ಜಿ ಎಲೆಅಡಿಕೆ ಉಗಿದು ಬಂದು, “ಇಬ್ರು ಅಂದ್ರೆ ಕಾವ್ಲು ಕಾಯೋ ಮೋಹನ್ನು, ಇನ್ನೊಬ್ಬ ಆಲಿನ ಬೂತ್‌ನೋನು. ಗಂಡಸ್ರು ಇಬ್ರೇ ಮನುಸ್ರಾ? ನಾವು ಅನ್ನೊಂದ್ ಜನ ಏನು ದೆವ್ವಗಳಾ?” ಎಂದರು. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. “ಚೀಟಿ ಈಸ್ಕಂಡಿದ್ರೆ ತಾನೇ ನಾವು ಇದ್ದಂಗೆ?” ಎಂದಳು.

ಆಮೇಲೆ ನಾನು ಬಿಡಿಸಿ ಕೇಳಿ ತಿಳಿದುಕೊಂಡೆ. ಹೆಂಗಸರಿಗೆ ಪ್ರಯಾಣ ಉಚಿತವಾದ ಹೊಸದರಲ್ಲಿ ನೀವು ದಿನಾ ಮಷೀನಿನಿಂದ ಕಾಸಿಲ್ಲದ ಚೀಟಿ ಹರಿದು ಕೊಡುತ್ತಿದ್ದಿರಂತೆ. ಆಗ ನಿಮಗೆ ಕಣ್ಣಿನ ಆಪರೇಷನ್ ಆಗಿತ್ತು. ಓಡುವ ಬಸ್ಸಿನ ಕತ್ತಲಲ್ಲಿ ಆಧಾರ್ ಕಾರ್ಡು ನೋಡಿ, ಆ ಸಣ್ಣ ಪರದೆ ಒತ್ತಲು ಒದ್ದಾಡುತ್ತಿದ್ದಿರಂತೆ. ಒಂದು ದಿನ ಅವ್ವ, “ದಿನಾ ಕಾಣೋ ಮೊಕಕ್ಕೆ ಆಧಾರ್ ಯಾಕಣ್ಣ? ಕೂತ್ಕಳಿ ಸುಮ್ನೆ” ಎಂದಳಂತೆ. ಎಲ್ಲರೂ ಹೌದು ಹೌದು ಎಂದರಂತೆ. ಕಾಸು ಕೊಡದೆ ಚೀಟಿಗೆ ಕೈಯೊಡ್ಡಲು ಅವರಿಗೂ ಒಂದು ತರಹ ಸಂಕೋಚವಿತ್ತು. ಅಂದಿನಿಂದ ನೀವು ಮುಂದಿನ ಸೀಟಿನಲ್ಲಿ ಕೂತಿರಿ. ಅಂದಿನಿಂದ ದಾಖಲೆಯಲ್ಲಿ ಆ ಬಸ್ಸು ಖಾಲಿ.

ಇದನ್ನು ಅರ್ಜಿಯಲ್ಲಿ ಬರೆದರೆ ಬಸ್ಸು ವಾಪಸ್ಸು ಬರಬಹುದು, ನಿಮ್ಮ ಕೆಲಸಕ್ಕೆ ಕುತ್ತು ಬರಬಹುದು. ಪುಟ್ಟಮಾದಮ್ಮಜ್ಜಿಯ ತೀರ್ಮಾನ ಇದು: “ರಿಟೈರಾಗೋ ಮನುಸ. ಬಸ್ ಓದ್ರೆ ಓಗ್ಲಿ, ಅವನ ಎಸ್ರು ಎತ್ಬ್ಯಾಡ.” ಹನ್ನೊಂದು ಜನವೂ ಒಪ್ಪಿದರು. ಎರಡನೇ ಅರ್ಜಿಯಲ್ಲಿ ಚೀಟಿಯ ಮಾತಿಲ್ಲ.

ನಿಮಗೆ ಹೇಳದೆ ಇರುವುದು ಸರಿಯಲ್ಲವೆನಿಸಿ ಬರೆದೆ. ನಿಮ್ಮ ಕಾಗದದಲ್ಲಿ “ಯಾಕೆ ತೆಗೆದರೋ ಗೊತ್ತಿಲ್ಲ” ಎಂಬ ಮಾತಿಗೆ ಮೊದಲು ಬರೆದಿದ್ದ ಒಂದು ಸಾಲನ್ನು ದಪ್ಪಗೆ ಹೊಡೆದುಹಾಕಿದ್ದಿರಿ. ನಾನದನ್ನು ಬೆಳಕಿಗೆ ಹಿಡಿದು ನೋಡಿಲ್ಲ.

ನಿಮ್ಮಿಂದ ಏನನ್ನೂ ಕೇಳದ,
ಗೌತಮಿ

ಮೂಡಲ ಬಡಾವಣೆ, ಮೈಸೂರು
2 ಸೆಪ್ಟೆಂಬರ್ 2025

ಮಾಮನಿಗೆ ನಮಸ್ಕಾರ.

ನಿಮ್ಮ ಉತ್ತರ ಬರಲಿಲ್ಲ. ಕಾಗದ ಕಳೆದುಹೋಗಿರಬಹುದೆಂದು ನಾಲ್ಕು ಸಾರಿ ಅಂದುಕೊಂಡೆ. ಐದನೇ ಸಾರಿ ಅಂದುಕೊಳ್ಳಲಾಗಲಿಲ್ಲ.

ಎರಡನೇ ಅರ್ಜಿಯನ್ನು ಶಾಸಕರ ಕಚೇರಿಗೂ ಬೆಂಗಳೂರಿಗೆ ಸಾರಿಗೆ ಇಲಾಖೆಗೂ ಕಳಿಸಿದ್ದೆ. ಬೇಕಾದ್ದನ್ನು ಮೊದಲ ಸಾಲಿನಲ್ಲೇ ಕೇಳಿದ್ದೆ. ಬೆಂಗಳೂರಿನಿಂದ ಮೊಬೈಲಿಗೆ ಒಂದು ಸಂದೇಶ ಬಂತು: “ನಿಮ್ಮ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ.” ಪುಟ್ಟಮಾದಮ್ಮಜ್ಜಿ ಬಸ್ಸು ಬಂತೆಂದೇ ತಿಳಿದು ಮಾರನೇ ದಿನ ಎರಡು ಬುಟ್ಟಿ ಹಿಡಿದು ಸ್ಟಾಪಿಗೆ ಹೋಗಿದ್ದರು.

ಅವ್ವ ಆಗಸ್ಟಿನಲ್ಲಿ ಆರು ದಿನ ತಡವಾಗಿ ಹೋದಳು. ಒಲೆಯ ಕೆಲಸ ಬೇರೆಯವರಿಗೆ ಹೋಯಿತು. ಈಗ ಅವ್ವ ಮಧ್ಯಾಹ್ನ ಹೋಗಿ ಪಾತ್ರೆ ತೊಳೆಯುತ್ತಾಳೆ. “ಕಾಲಿಗೆ ಒಳ್ಳೇದೇ ಆಯ್ತು ಬುಡು” ಎನ್ನುತ್ತಾಳೆ. ಆದರೂ ನಾಲ್ಕಕ್ಕೇ ಎಚ್ಚರವಾಗುತ್ತದೆ. ಎದ್ದು ತಲೆ ಬಾಚಿ, ಸೆರಗು ಸಿಕ್ಕಿಸಿಕೊಂಡು, ಹೋಗಲು ಎಲ್ಲೂ ಇಲ್ಲದೆ ಬಾಗಿಲ ಹತ್ತಿರ ಕೂರುತ್ತಾಳೆ. ನಾನು ನಿದ್ದೆ ಬಂದವಳಂತೆ ಮಲಗಿರುತ್ತೇನೆ.

ಅಜ್ಜಿಗೆ ಒಂದು ಉಪಾಯ ಹೊಳೆದಿದೆ. “ನಾವು ಇಲ್ವೇ ಇಲ್ಲ ಅಂತ ತಾನೇ ಅವ್ರು ಬರ್ದಿರೋದು? ಇದೀವಿ ಅಂತ ದಿನಾ ಬರ್ದಿಡು.” ನಿನ್ನೆಯಿಂದ ಶುರು. ಐದು ಗಂಟೆಗೆ ಎಲ್ಲರೂ ಸ್ಟಾಪಿಗೆ ಬಂದು, ಬಾರದ ಬಸ್ಸಿಗೆ ಐದೂಕಾಲರವರೆಗೆ ಕಾಯುತ್ತಾರೆ. ನೋಟ್‌ಬುಕ್ಕಿನಲ್ಲಿ ಸಹಿ, ಬರೆಯಲು ಬಾರದವರದು ಹೆಬ್ಬೆಟ್ಟು. ಸಾಕ್ಷಿಗೆ ರಾಜೇಶ್. ಆಮೇಲೆ ಎಂದಿನಂತೆ ನಡಿಗೆ. ಅವ್ವನಿಗೆ ಈಗ ಆ ಬಸ್ಸಿನ ಅಗತ್ಯವಿಲ್ಲ, ಆದರೂ ಬಂದಳು. ಬರಬೇಡವೆಂದರೆ, “ನಾನೂ ಅದ್ರಲ್ಲಿ ಕೂತಿದ್ದೋಳೇ ಅಲ್ವಾ?” ಎಂದಳು.

ಮಳೆ ಬಂದರೆ “ಮಳೆ” ಎಂದೂ ಪಕ್ಕದಲ್ಲಿ ಬರೆಯುತ್ತೇನೆ. ಅಭ್ಯಾಸಬಲ.

ನಿಮ್ಮ ಮೇಲೆ ಯಾರಿಗೂ ಬೇಸರವಿಲ್ಲ,
ಗೌತಮಿ

ಮೂಡಲ ಬಡಾವಣೆ, ಮೈಸೂರು
8 ಅಕ್ಟೋಬರ್ 2025

ಮಾಮ,

ದಸರಾ ಜನ ಊರು ಬಿಟ್ಟ ಮೇಲೆ, ಮೊನ್ನೆ, ನೋಟ್‌ಬುಕ್ಕು ಹಿಡಿದು ನಾನೂ ಅಜ್ಜಿಯೂ ಸಾರಿಗೆ ಕಚೇರಿಗೆ ಹೋಗಿದ್ದೆವು. ಮೂವತ್ತು ದಿನದ ಹಾಜರಿ. ಬಾರದವರ ಕಾರಣವನ್ನೂ ಅಜ್ಜಿ ಬರೆಸಿದ್ದಾರೆ: “ಮೊಮ್ಮಗು ಹುಟ್ಟಿದೆ”, “ಹಲ್ಲು ಕೀಳಿಸಿಕೊಂಡಳು”, “ಗಂಡನ ಜೊತೆ ಜಗಳ, ನಾಳೆ ಬರುತ್ತಾಳೆ”. ಅಧಿಕಾರಿಗಳು ಒಂದೊಂದು ಪುಟವನ್ನೂ ತಿರುಗಿಸಿದರು. ಎರಡು ಕಡೆ ನಕ್ಕರು. ಆಮೇಲೆ ಪುಸ್ತಕ ಮುಚ್ಚಿ ನನ್ನನ್ನೇ ನೋಡಿ ಕೇಳಿದರು:

“ದಿನಾ ಇಷ್ಟು ಜನ ಇದ್ರೆ, ಎರಡು ವರ್ಷ ಎಲ್ಲಿದ್ರಮ್ಮ?”

ಉತ್ತರ ನನಗೆ ಗೊತ್ತಿತ್ತು. ಅಜ್ಜಿ ನನ್ನ ದುಪಟ್ಟಾದ ತುದಿಯನ್ನು ಹಿಡಿದುಕೊಂಡರು. ನಾನು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತ ಸುಮ್ಮನೆ ನಿಂತೆ. ಸುಮ್ಮನಿದ್ದವರು ಸುಳ್ಳು ಹೇಳುತ್ತಿದ್ದಾರೆಂದು ಅವರಿಗೆ ಅನಿಸಿರಬೇಕು. “ಸುಮ್ನೆ ಸಹಿ ಹಾಕಿಸ್ಕೊಂಡು ಬಂದ್ರೆ ಬಸ್ ಬಿಡೋಕಾಗಲ್ಲ” ಎಂದು ಪುಸ್ತಕವನ್ನು ಈ ಕಡೆ ತಳ್ಳಿದರು.

ಹೊರಗೆ ಬಂದು ಅಜ್ಜಿ ಬೆನ್ನು ತಟ್ಟಿದರು. “ಬಾಯ್ ಬುಡ್ನಿಲ್ಲ ನೋಡು, ಅದೇ ದೊಡ್ದು ಕಣವ್ವ.” ಹುಟ್ಟಿದಾಗಿನಿಂದ ನನ್ನ ಬಾಯಿ ಬಿಡಿಸಲು ಎಲ್ಲರೂ ಪ್ರಯತ್ನಿಸಿದ್ದಾರೆ. ಬಿಡದ್ದಕ್ಕೆ ಹೊಗಳಿಸಿಕೊಂಡದ್ದು ಇದೇ ಮೊದಲು. ಬಸ್ಸಿನಲ್ಲಿ ಅಳು ಬಂತು.

ಇನ್ನು ಅರ್ಜಿ ಬರೆಯುವುದಿಲ್ಲ,
ಗೌತಮಿ

ಕೊಳ್ಳೇಗಾಲ
16 ಅಕ್ಟೋಬರ್ 2025

ಮಗಳೇ,

ನಿನ್ನ ಮೂರು ಕಾಗದಗಳೂ ತಲುಪಿವೆ. ಯಾವುದೂ ಕಳೆದುಹೋಗಿಲ್ಲ.

ನೀನು ಬೆಳಕಿಗೆ ಹಿಡಿಯದ ಸಾಲನ್ನು ನಾನೇ ಹೇಳುತ್ತೇನೆ. “ಟಿಕೆಟ್ಟಿನ ಕಾರಣದಿಂದಲೇ ಇರಬೇಕು” ಎಂದು ಬರೆದಿದ್ದೆ. ಜೂನಿನಲ್ಲೇ ನನಗೆ ಅನುಮಾನವಿತ್ತು. ಹೊಡೆದುಹಾಕಿದೆ. ಜುಲೈ ಕಾಗದ ಬಂದ ದಿನ ಮನೆಯವಳಿಗೂ ತೋರಿಸದೆ ಯೂನಿಫಾರಂ ಜೇಬಿನಲ್ಲಿಟ್ಟುಕೊಂಡೆ. ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ನನ್ನ ಮೇಲೆ ಒಂದು ಕೇಸಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದವನು ನಾನು. ಇನ್ನು ಐದು ತಿಂಗಳು, ನಾಲ್ಕು ತಿಂಗಳು ಎಂದು ದಿನ ನೂಕಿದೆ. ಹೆದರಿಕೆ, ಮಗಳೇ. ಬೇರೆ ಏನೂ ಅಲ್ಲ.

ಅವರು ಬೇಡವೆಂದರೂ ಚೀಟಿ ಹರಿಯುವುದು ನನ್ನ ಕೆಲಸವಾಗಿತ್ತು. ಕೂರಲು ಯಾರಾದರೂ ಹೇಳಲಿ ಎಂದು ನನ್ನ ಕಾಲೂ ಕಾಯುತ್ತಿತ್ತು. ಒಂದು ವರ್ಷದಲ್ಲಿ ಕಣ್ಣು ಸರಿಹೋಯಿತು. ನಾನು ಏಳಲಿಲ್ಲ.

ಹನ್ನೊಂದು ಜನ ನನ್ನನ್ನು ಉಳಿಸಲು ಕತ್ತಲಲ್ಲಿ ನಡೆಯುತ್ತಿದ್ದಾರೆ, ಒಬ್ಬಳ ಒಲೆ ಹೋಯಿತು, ನೀನು ಕಚೇರಿಯಲ್ಲಿ ಸುಳ್ಳುಗಾತಿಯಾಗಿ ನಿಂತೆ. ಇಷ್ಟಾದ ಮೇಲೆ ನಾನು ಹಾರ ಹಾಕಿಸಿಕೊಂಡು ನಿವೃತ್ತನಾದರೆ ಆ ಹಾರವನ್ನು ಮನೆಗೆ ಹೇಗೆ ತರಲಿ? ನಿನ್ನೆ ಎಲ್ಲವನ್ನೂ ಬರೆದು ಸಹಿ ಮಾಡಿ ನಿಮ್ಮ ಮೈಸೂರು ಕಚೇರಿಗೆ ರಿಜಿಸ್ಟರ್ ಮಾಡಿದ್ದೇನೆ. ನಿನ್ನ ಹಾಗೆ ಬರೆಯಲು ಬರುವುದಿಲ್ಲ. ಐದು ಸಾಲು.

ಮನೆಯವಳಿಗೂ ಹೇಳಿದೆ. “ಈಗ್ಲಾದ್ರೂ ಜೇಬಿನ ಕಾಗ್ದ ತೆಗೀರಿ, ಒಗೀಬೇಕು” ಎಂದಳು.

ತಡವಾಗಿ ಬರೆದವನು,
ಸಿದ್ದಪ್ಪಾಜಿ

ಮೂಡಲ ಬಡಾವಣೆ, ಮೈಸೂರು
14 ನವೆಂಬರ್ 2025

ಮಾಮ,

ನಿಮ್ಮ ಐದು ಸಾಲಿನ ವಿಚಾರಣೆಗೆ ನಿಮ್ಮನ್ನು ಬೇರೊಂದು ದಿನ ಕರೆದಿದ್ದರಂತೆ. ನಮ್ಮ ಹನ್ನೊಂದು ಜನರ ಹೇಳಿಕೆ ನಿನ್ನೆ ಆಯಿತು. ಒಳಗೆ ಏನಾಯಿತೆಂದು ನಿಮಗೆ ತಿಳಿಯಬೇಕು.

ಅವರೆಲ್ಲ ಹಿಂದಿನ ದಿನವೇ ಮಾತಾಡಿಕೊಂಡಿದ್ದರು. ಅಧಿಕಾರಿಗಳು, “ಎರಡು ವರ್ಷ ಟಿಕೆಟ್ ಕೊಡ್ಲಿಲ್ಲ ಅಂತ ಕಂಡಕ್ಟರೇ ಬರ್ದುಕೊಟ್ಟಿದ್ದಾರೆ. ನಿಜವಾ?” ಎಂದು ಕೇಳಿದ ಕೂಡಲೇ ಪುಟ್ಟಮಾದಮ್ಮಜ್ಜಿ ಎದ್ದರು.

“ಕೊಡ್ತಿದ್ರು ಸಾ. ಗಾಳಿಗೆ ಆರೋಯ್ತಿದ್ವು.”

“ಎರಡು ವರ್ಷದ್ದೂ?”

“ನಮ್ಮ ಕಡೆ ಗಾಳಿ ಜಾಸ್ತಿ ಸಾ.”

“ಮಷೀನಿನ ಲೆಕ್ಕಾನೂ ಹಾರಿಹೋಯ್ತಾ ಅಜ್ಜಿ?”

ಅಜ್ಜಿ ನನ್ನ ಕಡೆ ನೋಡಿದರು. ಆಗ ಅವ್ವ ಗೋಡೆ ಹಿಡಿದು ಎದ್ದು ನಿಂತಳು. ಅವ್ವ ಕಚೇರಿಗಳಲ್ಲಿ ಮಾತಾಡುವವಳಲ್ಲ. ರೇಷನ್ ಅಂಗಡಿಯಲ್ಲೂ ಚೀಲ ಮುಂದೆ ಹಿಡಿದು ಸುಮ್ಮನೆ ನಿಲ್ಲುತ್ತಾಳೆ. ನನ್ನ ನಾಚಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು.

“ಅಜ್ಜಿ ಏಳಿದ್ದು ಸುಳ್ಳು ಸಾ. ಅವ್ರು ಕೊಡಕೆ ಬಂದ್ರು. ನಾನೇ ಬ್ಯಾಡ ಅಂದೆ. ಅವ್ರಿಗೆ ಕಣ್ಣು ಕಾಣ್ತಿರ್ನಿಲ್ಲ, ಬಸ್ಸು ಕುಲುಕ್ತಿತ್ತು. ಒಂದೊಂದ್ ಚೀಟಿಗೂ ಕಂಬಿ ತಬ್ಬಿ ನಿಂತ್ಕಳೋರು. ನನ್ ಕೈಲಿ ನೋಡಕಾಗ್ನಿಲ್ಲ. ಚೀಟಿ ಅನ್ನದು ನಮ್ಮ ಲೆಕ್ಕ ಅಂತ ಗೊತ್ತಿರ್ನಿಲ್ಲ ಸಾ, ಕಾಸಿನ ಲೆಕ್ಕ ಅನ್ಕಂಡಿದ್ದೊ. ಚೀಟಿ ಈಸ್ಕಳ್ದೋರ್ಗೆ ದಂಡ ಆಕ್ತಾರಂತಲ್ಲ, ಅದ ನನ್ಗಾಕಿ. ಬಸ್ ಬುಡಿ.”

ಅಧಿಕಾರಿಗಳು ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿದರು. “ನನ್ನ ಫಾರಂನಲ್ಲಿ ಇದಕ್ಕೆ ಕಾಲಂ ಇಲ್ಲಮ್ಮ” ಎಂದರು. ಹಾಗೆಂದು ಪುಟ ತಿರುಗಿಸಿ, ಹಿಂಬದಿಯ ಖಾಲಿ ಜಾಗದಲ್ಲಿ ಅವ್ವ ಹೇಳಿದ್ದನ್ನೆಲ್ಲ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿದರು. ಅವ್ವ ಒಂದು ಕಡೆ ತಡೆದು, “ಕಂಬಿ ತಬ್ಬಿ ಅಂತ ಬುಟ್ಬುಟ್ರಲ್ಲ” ಎಂದಳು. ಅದನ್ನೂ ಸೇರಿಸಿದರು. ನಮ್ಮ ಹಾಜರಿ ಪುಸ್ತಕವನ್ನು ಈ ಸಲ ಅವರೇ ಕೇಳಿ ಇಟ್ಟುಕೊಂಡರು.

ಮನೆ ಹತ್ತಿರ ಬಂದಾಗ ಅವ್ವ, “ಗಂಟ್ಲು ಒಣಗೋಯ್ತು ಕಣೆ” ಎಂದು ನಕ್ಕಳು. ಅವಳಿಗೆ ನಾನು ಟೀ ಮಾಡಿಕೊಟ್ಟೆ.

ಅವಳ ಮಗಳು,
ಗೌತಮಿ

ಮೂಡಲ ಬಡಾವಣೆ, ಮೈಸೂರು
9 ಡಿಸೆಂಬರ್ 2025

ಮಾಮ,

ನಿನ್ನೆಯಿಂದ ಐದು ಹತ್ತರ ಬಸ್ಸು ಬರುತ್ತಿದೆ. ಮೂರು ತಿಂಗಳು ಪ್ರಾಯೋಗಿಕವಾಗಿ ಎಂದು ಆದೇಶದಲ್ಲಿದೆ. ಸುನಿಲ್ ಎಂಬ ಹೊಸ ಹುಡುಗ ಕಂಡಕ್ಟರು. ಹನ್ನೊಂದು ಜನ ಬಾಗಿಲಲ್ಲೇ ಒಟ್ಟಿಗೆ ಆಧಾರ್ ಚಾಚಿ, “ನನ್ಗೆ ಮೊದ್ಲು, ನನ್ಗೆ ಮೊದ್ಲು” ಎಂದು ಮುತ್ತಿಕೊಂಡಾಗ ಆ ಹುಡುಗ ಹೆದರಿ ಡ್ರೈವರ್ ಕಡೆ ಸರಿದ. ಅವ್ವನೂ ಹೋದಳು. ಹಾಸ್ಟೆಲಿನವರು ಒಲೆಗೆ ವಾಪಸ್ಸು ಕರೆದಿದ್ದಾರೆ. ಅವಳ ಸಾರಿನ ರುಚಿ ಮಕ್ಕಳು ಕೇಳಿದರಂತೆ.

ನಿಮಗೆ ಏನಾಯಿತೆಂದು ಮಾತ್ರ ಯಾರೂ ಹೇಳುತ್ತಿಲ್ಲ. ಕೇಳಿದರೆ “ಇಲಾಖಾ ವಿಷಯ” ಎನ್ನುತ್ತಾರೆ.

ಕೆಳಗಿನದು ಅವ್ವ ಹೇಳಿದ್ದು. ನಾನು ಒಂದಕ್ಷರ ತಿದ್ದಿಲ್ಲ.

“ಅಣ್ಣಾ, ನಾನು ಅವತ್ತು ಕೂತ್ಕಳಿ ಅನ್ದೆ ಇದ್ದಿದ್ರೆ ಇದೆಲ್ಲ ಆಯ್ತಿರ್ನಿಲ್ಲ ಅಂತ ದಿನಾ ಅನ್ಕತೀನಿ. ಆದ್ರೆ ಇನ್ನೊಂದ್ಸಲ ಅಂಗೇ ಕಂಡ್ರೆ ಅಂಗೇ ಅಂತೀನೇನೋ. ಅವರು ನಿಮ್ಗೆ ಆರ ಆಕ್ತಾರೋ ಇಲ್ವೋ ಗೊತ್ತಿಲ್ಲ. ಮೂವತ್ತೊಂದ್ನೇ ತಾರೀಕು ನಾವೆಲ್ಲ ರಜಾ ಕೇಳಿದ್ದೀವಿ. ಪುಟ್ಟಮಾದಮ್ಮ ಹೂವ ತತ್ತಾಳೆ. ನಿಮ್ಮ ಕೊನೇ ಬಸ್ಸು ಎಷ್ಟೊತ್ಗೆ ಅಂತ ಬರೀರಿ. ಎಲ್ಲಿಗ್ ಓಗ್ತದೋ ಓಗ್ಲಿ, ನಾವು ಅತ್ಕತೀವಿ.”

ಸಿದ್ದಲಿಂಗಮ್ಮ, ಅವಳ ಕೈಯಾಗಿ ಗೌತಮಿ

ಕೊಳ್ಳೇಗಾಲ
17 ಡಿಸೆಂಬರ್ 2025

ತಂಗಿ ಸಿದ್ದಲಿಂಗಮ್ಮನವರಿಗೆ,

ಒಂದು ಇನ್‌ಕ್ರಿಮೆಂಟು ತಡೆದು, ಎಚ್ಚರಿಕೆ ಪತ್ರ ಕೊಟ್ಟರು. ಪಿಂಚಣಿಗೆ ಹೆಚ್ಚು ಏಟಿಲ್ಲ. ಇನ್ನು ಮೇಲೆ ನನ್ನ ಮೇಲೆ ಕೇಸಿಲ್ಲ ಎಂದು ಹೇಳಿಕೊಂಡು ತಿರುಗುವ ಹಾಗಿಲ್ಲ. ಮನೆಯವಳಿಗೆ ಅದೇ ಸಮಾಧಾನ. ಆ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತಂತೆ.

ವಿಚಾರಣೆಯ ಅಧಿಕಾರಿಗಳು ನಿಮ್ಮ ಹೇಳಿಕೆಯನ್ನು ನನಗೆ ಓದಲು ಕೊಟ್ಟರು. ಎರಡು ಸಾರಿ ಓದಿದೆ. ವಾಪಸ್ಸು ಕೊಟ್ಟೆ.

ಮೂವತ್ತೊಂದಕ್ಕೆ ನನ್ನ ಕೊನೆಯ ಟ್ರಿಪ್ಪು ಕೊಳ್ಳೇಗಾಲ ಬಸ್ ಸ್ಟ್ಯಾಂಡಿನಿಂದ ಮಧ್ಯಾಹ್ನ ಎರಡು ಇಪ್ಪತ್ತಕ್ಕೆ. ಅಂದು ಸಂತೆಯ ದಿನ, ಜನ ಜಾಸ್ತಿ ಇರುತ್ತಾರೆ. ಹನ್ನೊಂದು ಸೀಟು ಹಿಡಿದಿಡಲು ಕಂಡಕ್ಟರಿಗೆ ಅಧಿಕಾರವಿಲ್ಲ. ಸ್ವಲ್ಪ ಬೇಗ ಬನ್ನಿ.

ಸಿದ್ದಪ್ಪಾಜಿ